ಉಚಿತ ಸಂಗೀತ, ಆದರೆ ಯಾರಿಗೆ?

ಟಿಕೆಟ್ ಇಲ್ಲವೆಂದ ಮೇಲೆ ಎಲ್ಲರೂ ಹೋಗಬಹುದಲ್ಲ ಎಂದು ನೀವು ಕೇಳಬಹುದು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನ ಅನುಭವ ಹಾಗಿರಲಿಲ್ಲ.

1859ರ ಬೇಸಿಗೆಯಲ್ಲಿ ಆ ಉದ್ಯಾನದಲ್ಲಿ ಉಚಿತ ಬ್ಯಾಂಡ್ ವಾದನ ಆರಂಭವಾಯಿತು. 1862ರಲ್ಲಿ ವಾದ್ಯಗಾರರಿಗೆಂದೇ ಎರಕದ ಕಬ್ಬಿಣದ ಅಂದವಾದ ಮಂಟಪವೂ ಎದ್ದಿತು. ಸಾವಿರಾರು ಮಂದಿ ಮರಗಳ ನೆರಳಲ್ಲಿ ನಿಂತು, ಕುಳಿತು ಆಲಿಸಿದರು.

ಆದರೆ ಕಛೇರಿ ನಡೆಯುತ್ತಿದ್ದುದು ಶನಿವಾರ ಮಧ್ಯಾಹ್ನ. ಕಾರ್ಮಿಕರಿಗೆ ವಾರದಲ್ಲಿ ಆರು ದಿನ ದುಡಿಮೆ. ಹೊಲಿಗೆಯಿಂದ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳಿಗೂ ಬಿಡುವೆಂದರೆ ಭಾನುವಾರ ಮಾತ್ರ. ಅಂದೇ ಸಂಗೀತ ನಡೆಯಲಿ ಎಂಬ ಬೇಡಿಕೆ ಎದ್ದಿತು. ಅದು ಪ್ರಾರ್ಥನೆಯ ದಿನ, ಅಂದು ಮನರಂಜನೆ ಸಲ್ಲದು ಎಂದು ಹಲವು ಕ್ರೈಸ್ತ ಮುಖಂಡರು ವಿರೋಧಿಸಿದರು. ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ ಭಾನುವಾರದ ಕಛೇರಿಗೆ ಅವಕಾಶ ಸಿಕ್ಕಿದ್ದು 1884ರಲ್ಲಿ! ಅಂದರೆ, ಮೊದಲ ಕಛೇರಿ ನಡೆದು 25 ವರ್ಷಗಳ ಬಳಿಕ.

1923ರಲ್ಲಿ ಹಳೆಯ ಮಂಟಪದ ಬದಲಿಗೆ ಎಲ್ಕನ್ ನೌಂಬರ್ಗ್ ಎಂಬ ಉದ್ಯಮಿಯ ಕೊಡುಗೆಯಾಗಿ ಕಲ್ಲಿನ ವೇದಿಕೆ ಬಂತು.

ಬಾಗಿಲು ತೆರೆದಿಟ್ಟರಷ್ಟೇ ಸಾಲದು, ಬರುವವರಿಗೆ ಬಿಡುವೂ ಇರಬೇಕು. ರಜಾದಿನ ಮನೆಮಂದಿಯೆಲ್ಲ ಪಾರ್ಕಿಗೆ ಹೊರಟಾಗ ಒಮ್ಮೆ ಹಿಂತಿರುಗಿ ನೋಡಿ, ಅಡುಗೆಮನೆಯಲ್ಲಿ ಉಳಿದವರು ಯಾರು?