‘ಪ್ರಗತಿಶೀಲ’ದಿಂದ ‘ಪ್ರಗತಿಪರ’ಕ್ಕೆ: ಒಂದು ಶಬ್ದವಿಚಾರ

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ‘ಪ್ರಗತಿಶೀಲ’ ಎಂಬುದು 1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ರೂಪುಗೊಂಡು, ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದವರು ಬೆಳೆಸಿದ ಪಂಥದ ಹೆಸರು. ನವ್ಯದ ಉದಯದೊಂದಿಗೆ ಆ ಶಬ್ದ ಬಹುಮಟ್ಟಿಗೆ ಒಂದು ಕಾಲಘಟ್ಟಕ್ಕೆ ಸೀಮಿತವಾಯಿತು. ಸಾರ್ವಜನಿಕ ಜೀವನದಲ್ಲಿ ಇಂದು ಅದರ ಸ್ಥಾನದಲ್ಲಿರುವುದು ‘ಪ್ರಗತಿಪರ’. ಇದನ್ನು ಕೇವಲ ಉತ್ತರಪದದ ಪಲ್ಲಟವೆಂದು ಬಗೆಯುವಂತಿಲ್ಲ.

ಎರಡಕ್ಕೂ ಪೂರ್ವಪದ ಒಂದೇ. ಗಮ್ ಧಾತುವಿನಿಂದಾದ ‘ಗತಿ’ಗೆ ‘ಪ್ರ’ ಉಪಸರ್ಗ ಸೇರಿ ಮುನ್ನಡೆ ಎಂಬ ಅರ್ಥ ಬಂದಿದೆ. ಲ್ಯಾಟಿನ್ ಮೂಲದ ‘ಪ್ರೋಗ್ರೆಸ್’ ಶಬ್ದದ ರಚನೆಯೂ ಹೀಗೆಯೇ: ಮುಂದಕ್ಕೆ ಹೆಜ್ಜೆಯಿಡುವುದು. ‘ಪ್ರ’ ಮತ್ತು ‘ಪ್ರೋ’ ಜ್ಞಾತಿಶಬ್ದಗಳು. (ಕನ್ನಡದ ಆಡುಮಾತಿನಲ್ಲಿ ಬಿಡಿಯಾದ ‘ಗತಿ’ ಚಲನೆಗಿಂತ ಪಾಡನ್ನೇ ಹೇಳುತ್ತದೆ; ‘ಮುಂದೇನು ಗತಿ’ ಎಂಬಲ್ಲಿ ಮುನ್ನಡೆಯ ಸುಳಿವಿಲ್ಲ.)

‘ಶೀಲ’ ಸ್ವಭಾವವಾಚಿ. ದಾನಶೀಲ, ಸಹನಶೀಲ ಎಂಬಂತೆ, ಮುನ್ನಡೆಯುವುದನ್ನೇ ಸ್ವಭಾವವಾಗಿ ಉಳ್ಳವನು ಪ್ರಗತಿಶೀಲ. 1936ರ ಏಪ್ರಿಲ್‌ನಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪ್ರಗತಿಶೀಲ ಲೇಖಕರ ಸಂಘದ ಪ್ರಥಮ ಸಮ್ಮೇಳನದಲ್ಲಿ ಅಧ್ಯಕ್ಷರಾಗಿದ್ದ ಪ್ರೇಮಚಂದರು ಸಂಘದ ಹೆಸರಿಗೇ ಆಕ್ಷೇಪವೆತ್ತಿದ್ದರು. ಸಾಹಿತಿ ಸ್ವಭಾವತಃ ಪ್ರಗತಿಶೀಲನಾಗಿರುವುದರಿಂದ ಆ ಹೆಸರು ಸರಿಯಲ್ಲವೆಂಬುದು ಅವರ ವಾದದ ಸಾರ. ಅದೇ ಸಂಘದ ಉರ್ದು ಹೆಸರಿನಲ್ಲಿರುವುದು ‘ತರಕ್ಕಿ ಪಸಂದ್’, ಅಂದರೆ ಪ್ರಗತಿಯನ್ನು ಮೆಚ್ಚುವ. ಅಲ್ಲಿ ಸೂಚಿತವಾಗುವುದು ಒಲವು, ಸ್ವಭಾವವಲ್ಲ. ಆದ್ದರಿಂದ ಪ್ರೇಮಚಂದರ ಆಕ್ಷೇಪ ‘ಶೀಲ’ಕ್ಕೆ ತಗಲುವಷ್ಟು ‘ಪಸಂದ್’ಗೆ ತಗಲದು.

‘ಪರ’ದ ಕಥೆ ಬೇರೆ. ಸಂಸ್ಕೃತ ಸಮಾಸದ ಕೊನೆಯಲ್ಲಿ ಅದು ಪೂರ್ಣ ಆಸಕ್ತಿಯನ್ನು ಹೇಳುತ್ತದೆ. ‘ತತ್ಪರ’ ಇದಕ್ಕೆ ನಿದರ್ಶನ. ಕನ್ನಡದಲ್ಲಾದರೋ ಅದು ಪಕ್ಷವಾಚಿಯಾಗಿ ಬಲಗೊಂಡಿತು. ರೈತಪರ, ಜನಪರ, ನ್ಯಾಯಾಲಯದ ‘ಅರ್ಜಿದಾರರ ಪರ ವಕೀಲರು’ ಎಲ್ಲವೂ ಈ ಬಗೆಯವು. ‘ಪರ’ ಎಂದೊಡನೆ ‘ವಿರೋಧ’ ಎದುರು ನಿಲ್ಲುತ್ತದೆ. ಪ್ರಗತಿಶೀಲನಾಗಲು ಎದುರಾಳಿ ಬೇಕಿಲ್ಲ. ಪತ್ರಿಕೆಗಳ ‘ಪ್ರಗತಿಪರ ಸಂಘಟನೆ’ಗಳಿಗೆ ಎದುರುಪಕ್ಷವೊಂದು ಅರ್ಥದಲ್ಲೇ ಅಡಗಿದೆ. ಈ ವಿಶೇಷಣವನ್ನು ಕೆಲವರು ಹೆಮ್ಮೆಯಿಂದ ಧರಿಸುವುದಕ್ಕೂ ಮತ್ತೆ ಕೆಲವರು ವ್ಯಂಗ್ಯವಾಗಿ ಬಳಸುವುದಕ್ಕೂ ಈ ಅರ್ಥಸಂಕೋಚವೇ ಮುಖ್ಯ ಕಾರಣವೆನ್ನಬೇಕು.

ಗಮನಾರ್ಹವಾದ ಅಪವಾದವೊಂದಿದೆ. ಹೊಸ ತಳಿ, ಹನಿ ನೀರಾವರಿಗಳನ್ನು ಅಳವಡಿಸಿಕೊಂಡವನನ್ನು ‘ಪ್ರಗತಿಪರ ರೈತ’ ಎನ್ನುವಾಗ ಯಾವ ಪಕ್ಷವೂ ಸೂಚಿತವಾಗುವುದಿಲ್ಲ. ಇಲ್ಲಿ ‘ಪರ’ಕ್ಕಿರುವುದು ತತ್ಪರತೆಯ ಹಳೆಯ ಅರ್ಥವೇ.