ಹುಟ್ಟಿದ ದಿನದ ಲೆಕ್ಕ

(ಆಕಾಶವಾಣಿ ಭಾಷಣ)

2025ರ ಮೇ 29ರಂದು ಚಿಂಚಲಿಯ ನಮ್ಮ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ ನಡೆಯಿತು. ಆಕೆಗೆ ಅಂದು ಏಳು ತುಂಬಿತು. ಮಗ ಸೊಸೆ ಪುಣೆಯಲ್ಲಿ ನೆಲೆಸಿದವರು. ಅಲ್ಲಿಯ ಶಾಲೆಗಳು ತೆರೆಯುವುದು ಜೂನ್ ನಡುವಿಗೆ. ಆದ್ದರಿಂದ ಬೇಸಿಗೆಯ ರಜೆಗೆ ಬಂದ ಮಗು ಇನ್ನೂ ಎರಡು ವಾರ ನಮ್ಮಲ್ಲಿ ಉಳಿಯುವುದಿತ್ತು. ಬೇಸಿಗೆ ಎಂದೆನಾದರೂ ಆ ವರ್ಷ ಬೇಸಿಗೆ ತನ್ನ ಅವಧಿಯನ್ನು ಪೂರೈಸಲಿಲ್ಲ. ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತ್ತು. ನಮ್ಮ ಸೀಮೆಯ ಮೇಲೂ ಮೋಡ ಕವಿದಿತ್ತು. ಅಂಗಳದಲ್ಲಿ ಕೂರಬೇಕೆಂದಿದ್ದ ಪಂಕ್ತಿ ಪಡಸಾಲೆಗೆ ಬಂತು.

ಕೇಕಿನ ಮೇಲಿನ ಮೇಣಬತ್ತಿಯನ್ನು ಊದಿ ಆರಿಸುವ ವಿಷಯದಲ್ಲಿ ನನ್ನ ಮನೆಯಾಕೆಗೆ ಅಳುಕು. ಹುಟ್ಟಿದ ದಿನ ಮಗುವಿನ ಕೈಯಿಂದ ಬೆಳಕನ್ನು ಕಳೆಯಿಸುವುದೇ ಎಂದು. ಕೊನೆಗೆ ಮೊದಲು ಆರತಿ, ಆಮೇಲೆ ಕೇಕು ಎಂದು ರಾಜಿಯಾಯಿತು. ಆರತಿಯ ದೀಪ ದೇವರ ಮುಂದೆ ಉರಿಯುತ್ತಿತ್ತು, ಮೇಣಬತ್ತಿ ಆರಿತು, ಗೋದಿ ಹುಗ್ಗಿಯೂ ಕೇಕೂ ಒಂದೇ ತಟ್ಟೆಯಲ್ಲಿ ಕುಳಿತವು. ಎಲ್ಲ ಮುಗಿದ ಮೇಲೆ ಮಗು ನನ್ನ ಪಕ್ಕಕ್ಕೆ ಬಂದು ಕೇಳಿತು: “ಅಜ್ಜಾ, ನಿನ್ನ ವಾಢದಿವಸ ಯಾವಾಗ?”

“ಜೂನ್ ಒಂದು,” ಎಂದೆ.

“ಅಂದ್ರ ಇನ್ನ ಮೂರು ದಿವಸಕ್ಕ! ಖರೇನ?”

ಆ ‘ಖರೇನ’ ಎಂಬ ಮಾತಿಗೆ ನಾನು ತಡವರಿಸಿದೆ. ಮನೆಯಾಕೆ ನಕ್ಕಳು. ಇಂದಿನ ನನ್ನ ಮಾತು ಆ ಒಂದು ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ಮೊದಲು ಮಗು ಬಳಸಿದ ಶಬ್ದವನ್ನೇ ನೋಡೋಣ. ಸೊಸೆ ಮಿರಜಿನವಳು, ತಾಯಿಯಿಂದ ಕಲಿತ ಮರಾಠಿಯ ‘ವಾಢದಿವಸ’ ಮಗುವಿನ ಕನ್ನಡದಲ್ಲಿ ಸಲೀಸಾಗಿ ಬಂದು ಕೂತಿದೆ. ಅದರ ಅರ್ಥ ಬೆಳೆಯುವ ದಿನ ಎಂದು. ನಮ್ಮಲ್ಲಿ ಹಿಂದಿನವರು ಬಳಸುತ್ತಿದ್ದ ‘ವರ್ಧಂತಿ’ಯ ಮೂಲವೂ ಬೆಳವಣಿಗೆಯೇ. ಮೈಸೂರಿನ ಅರಸರಿಗೆ ವರ್ಧಂತಿ ನಡೆಯುತ್ತಿತ್ತು. ಚಾಮುಂಡಿ ಬೆಟ್ಟದ ದೇವಿಗೆ ಆಷಾಢದಲ್ಲಿ ಇಂದಿಗೂ ನಡೆಯುತ್ತದೆ. ಈಗ ಬಳಕೆಯಲ್ಲಿರುವ ‘ಹುಟ್ಟುಹಬ್ಬ’ ಮಾತ್ರ ಇಂಗ್ಲಿಷಿನ ಹಾದಿಯಲ್ಲಿ ಹಿಂದಕ್ಕೆ, ಹುಟ್ಟಿನ ಕಡೆಗೆ ಬೆರಳು ತೋರಿಸುತ್ತದೆ. ಹಳೆಯ ಎರಡು ಶಬ್ದಗಳೂ ಕೇಳುತ್ತಿದ್ದುದು ‘ಯಾವಾಗ ಹುಟ್ಟಿದೆ’ ಎಂದಲ್ಲ, ‘ಎಷ್ಟು ಬೆಳೆದೆ’ ಎಂದು.

ನಮ್ಮಂಥ ಒಕ್ಕಲು ಮನೆಗಳಲ್ಲಂತೂ ವರ್ಷವರ್ಷವೂ ಹುಟ್ಟಿದ ದಿನವನ್ನು ಆಚರಿಸುವ ರೂಢಿಯೇ ಇರಲಿಲ್ಲ. ಹುಟ್ಟಿದ ಐದನೆಯ ರಾತ್ರಿ ಶೆಟವಿತಾಯಿ ಬಂದು ಹಣೆಬರಹ ಬರೆಯುತ್ತಾಳೆಂದು ದೀಪ ಹಚ್ಚಿಡುತ್ತಿದ್ದರು, ಹೆಸರಿಟ್ಟು ತೊಟ್ಟಿಲಿಗೆ ಹಾಕುತ್ತಿದ್ದರು, ಜಾವಳ ತೆಗೆಸುತ್ತಿದ್ದರು. ಅಲ್ಲಿಗೆ ಹುಟ್ಟಿನ ಸಂಭ್ರಮ ಮುಗಿಯುತ್ತಿತ್ತು. ಮುಂದೆ ಬೆಳೆಯುವುದು ಆ ಕೂಸಿನ ಕೆಲಸ.

ಆಚರಿಸುವವರಾದರೂ ಯಾವ ಲೆಕ್ಕದಿಂದ ಆಚರಿಸಬೇಕು? ನಮ್ಮ ನಾಡಿನಲ್ಲಿ ಎರಡು ಲೆಕ್ಕಗಳು ಒಂದೇ ಗೋಡೆಯ ಮೇಲೆ, ಒಂದೇ ಕ್ಯಾಲೆಂಡರಿನಲ್ಲಿ ಬಾಳುತ್ತಿವೆ. ಸರಕಾರದ ರಜೆಯ ಪಟ್ಟಿಯನ್ನೇ ತೆಗೆದುಕೊಳ್ಳಿ. ಗಾಂಧೀಜಯಂತಿ ಅಕ್ಟೋಬರ್ 2ನ್ನು ಬಿಟ್ಟು ಕದಲುವುದಿಲ್ಲ. ಬಸವಜಯಂತಿ ವೈಶಾಖ ಶುದ್ಧ ತದಿಗೆಯನ್ನು ಹಿಡಿದು ಏಪ್ರಿಲ್, ಮೇ ತಿಂಗಳುಗಳ ನಡುವೆ ಓಡಾಡುತ್ತದೆ. ಗಡಿಯ ಕಡೆಯವರಾದ ನಮಗೆ ಇನ್ನೂ ಒಂದು ತೊಡಕು. ಶಿವಾಜಿ ಮಹಾರಾಜರ ಜಯಂತಿಯನ್ನು ಮಹಾರಾಷ್ಟ್ರ ಸರಕಾರ ಫೆಬ್ರವರಿ 19ರಂದು ಆಚರಿಸಿದರೆ, ತಿಥಿಯನ್ನು ಹಿಡಿದವರು ಫಾಲ್ಗುಣದ ಕೃಷ್ಣಪಕ್ಷದಲ್ಲಿ ಆಚರಿಸುತ್ತಾರೆ. ಬೆಳಗಾವಿಯಲ್ಲಿ ಹಳೆಯ ಪದ್ಧತಿಯಂತೆ ವೈಶಾಖದಲ್ಲಿ, ಬಸವಜಯಂತಿಯ ಹಿಂದಿನ ದಿನ. ಒಬ್ಬ ಪುರುಷ, ಮೂರು ಜನ್ಮದಿನ!

ಇನ್ನೊಂದು ಸೋಜಿಗವುಂಟು. ಮನೆಯಲ್ಲಿ ಬದುಕಿರುವವರ ದಿನವನ್ನು ನಾವೀಗ ತಾರೀಖಿನಿಂದ ಎಣಿಸುತ್ತೇವೆ, ತೀರಿಹೋದವರ ದಿನವನ್ನು ತಿಥಿಯಿಂದ. ಈ ಹಂಚಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ ಆಡುಮಾತಿನಲ್ಲಿ ‘ತಿಥಿ’ ಎಂದರೆ ಶ್ರಾದ್ಧವೆಂದೇ ಅರ್ಥವಾಗಿಬಿಟ್ಟಿದೆ. ಚಂದ್ರನ ಒಂದು ದಿನಕ್ಕೆ ಇದ್ದ ಹೆಸರು ಸಾವಿನ ಪಾಲಿಗೆ ಹೋಯಿತು.

ಎರಡು ಲೆಕ್ಕಗಳೇಕೆ ಹೊಂದುವುದಿಲ್ಲ? ಸೂರ್ಯನ ವರ್ಷಕ್ಕೆ 365 ದಿನಗಳೂ ಕಾಲು ದಿನವೂ. ಚಂದ್ರನ ಹನ್ನೆರಡು ತಿಂಗಳಿಗೆ 354 ದಿನಗಳು. ವರ್ಷಕ್ಕೆ ಸುಮಾರು ಹನ್ನೊಂದು ದಿನಗಳ ಅಂತರ. ಇದನ್ನು ಹಾಗೆಯೇ ಬಿಟ್ಟರೆ ಯುಗಾದಿ ಮಳೆಗಾಲಕ್ಕೂ ದೀಪಾವಳಿ ಬೇಸಿಗೆಗೂ ಬಂದಾವು. ಅದಕ್ಕಾಗಿ ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ತಿಂಗಳನ್ನು ಎರಡು ಸಲ ಎಣಿಸುತ್ತಾರೆ. ಯಾವ ಚಾಂದ್ರಮಾಸದಲ್ಲಿ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದಿಲ್ಲವೋ ಅದು ಅಧಿಕಮಾಸ; ಅದರ ಬೆನ್ನಿಗೆ ಅದೇ ಹೆಸರಿನ ನಿಜಮಾಸ. ಹತ್ತೊಂಬತ್ತು ವರ್ಷಗಳಲ್ಲಿ ಇಂಥ ಏಳು ತಿಂಗಳು ಸೇರುತ್ತವೆ. ಆಗ ಸೂರ್ಯಚಂದ್ರರ ಲೆಕ್ಕ ಹೆಚ್ಚುಕಡಿಮೆ ಸರಿಹೋಗಿ, ಹುಟ್ಟಿದ ತಾರೀಖೂ ಹುಟ್ಟಿದ ತಿಥಿಯೂ ಮತ್ತೆ ಒಂದೆಡೆ ಸೇರುತ್ತವೆ.

ಸಾಹಿತ್ಯಪ್ರಿಯರು ನೆನಪಿಡಬಹುದಾದ ಒಂದು ನಿದರ್ಶನ ಹೇಳುತ್ತೇನೆ. ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6ರಂದು. ತೀರಿಕೊಂಡದ್ದು 1986ರ ಜೂನ್ 6ರಂದು. ತಮ್ಮ ಹುಟ್ಟುಹಬ್ಬದಂದೇ ಹೋದರು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ತೊಂಬತ್ತೈದು ಎಂದರೆ ಐದು ಹತ್ತೊಂಬತ್ತು. 1891ರ ಆ ದಿನ ಅಮಾವಾಸ್ಯೆ. 1986ರಲ್ಲಿ ಅಮಾವಾಸ್ಯೆ ಬಿದ್ದದ್ದು ಜೂನ್ 7ರಂದು. ತಾರೀಖು ಮಾತ್ರವಲ್ಲ, ತಿಥಿಯೂ ಒಂದು ದಿನದ ಅಂತರಕ್ಕೆ ಬಂದು ನಿಂತಿತ್ತು.

ಇನ್ನು ನಮ್ಮ ಮೊಮ್ಮಗಳು. ಆಕೆ ಹುಟ್ಟಿದ್ದು 2018ರ ಮೇ 29ರಂದು, ಅಧಿಕ ಜ್ಯೇಷ್ಠದ ಹುಣ್ಣಿಮೆ. ಅಧಿಕದಲ್ಲಿ ಹುಟ್ಟಿದವರ ವರ್ಧಂತಿಯನ್ನು ಉಳಿದ ವರ್ಷಗಳಲ್ಲಿ ಸಾಮಾನ್ಯ ಮಾಸದಲ್ಲಿಯೇ ಮಾಡುವುದು ರೂಢಿ. ಹಾಗೆ ನೋಡಿದರೆ ಆಕೆಯ ಪಾಲಿಗೆ ಬಂದದ್ದು ಕಾರಹುಣ್ಣಿಮೆ. ಅಧಿಕ ಜ್ಯೇಷ್ಠವು 2026ರಲ್ಲೊಮ್ಮೆ, ಆಮೇಲೆ 2037ರಲ್ಲೊಮ್ಮೆ. 2037ರಲ್ಲಿ ಆಕೆಗೆ ಹತ್ತೊಂಬತ್ತು ತುಂಬುವ ಮೇ 29ರಂದೇ ಅಧಿಕ ಜ್ಯೇಷ್ಠದ ಹುಣ್ಣಿಮೆ ಇರುತ್ತದೆ.

ಇಷ್ಟು ಖಚಿತವಾಗಿ ಮೊಮ್ಮಗಳ ಲೆಕ್ಕ ಹೇಳಬಲ್ಲ ನನಗೆ ನನ್ನದನ್ನು ಹೇಳಲು ಬಾರದೆ ಹೋಯಿತು. ನನ್ನ ದಾಖಲೆಗಳಲ್ಲೆಲ್ಲ 1958ರ ಜೂನ್ 1 ಎಂದಿದೆ. ಕರ್ನಾಟಕದಲ್ಲಿ ನನ್ನ ಪ್ರಾಯದವರನ್ನು ಕೇಳಿ ನೋಡಿ. ಜೂನ್ 1ರಂದು ಹುಟ್ಟಿದವರ ಸಂಖ್ಯೆ ಬೆರಗು ಹುಟ್ಟಿಸುತ್ತದೆ. ಆ ದಿನ ತಾಯಂದಿರಿಗೆಲ್ಲ ಒಟ್ಟಿಗೆ ಬೇನೆ ಬಂದಿತೆಂದಲ್ಲ. ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ. ಸೇರುವ ಮಗುವಿಗೆ ಅಷ್ಟು ಹೊತ್ತಿಗೆ ವಯಸ್ಸು ತುಂಬಿರಬೇಕು. ಹುಟ್ಟಿದ ಕಾಗದ ಯಾರ ಬಳಿಯೂ ಇಲ್ಲ. ಮಾಸ್ತರರು ತಲೆಯ ಮೇಲಿನಿಂದ ಬಲಗೈ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳು ಮುಟ್ಟಿದರೆ ವಯಸ್ಸು ತುಂಬಿತೆಂದು ಅರ್ಥ. ನನ್ನ ಬೆರಳು ಮುಟ್ಟಲಿಲ್ಲವಂತೆ. ಸೋದರಮಾವ ನನ್ನ ಕುತ್ತಿಗೆಯನ್ನು ತುಸು ವಾಲಿಸಿದನಂತೆ. ಮಾಸ್ತರರು ಲೇಖಣಿಯನ್ನು ಅದ್ದಿ ಬರೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಒಂದು ಸಾಲಿನಿಂದಲೇ ನಾನು ಅಕ್ಷರದ ಬಾಗಿಲನ್ನು ದಾಟಿದೆ.

ಆದರೆ ಬರೆದ ಸಾಲು ಬಿಡುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಮನುಷ್ಯನಿಗೆ ವಯಸ್ಸು ತುಂಬುವುದು ಜನ್ಮದಿನದ ಹಿಂದಿನ ದಿನ. ಆದ್ದರಿಂದ ಜೂನ್ 1ರಂದು ಹುಟ್ಟಿದ ನೌಕರ ಮೇ 31ರ ಸಂಜೆಯೇ ನಿವೃತ್ತನಾಗುತ್ತಾನೆ. 2018ರ ಮೇ 31ರಂದು ನಮ್ಮ ಕಾಲೇಜಿನಲ್ಲಿ ಒಂದೇ ವೇದಿಕೆಯ ಮೇಲೆ ನಾಲ್ವರಿಗೆ ಹಾರ ಬಿದ್ದವು. ಮೊಮ್ಮಗಳು ಹುಟ್ಟಿ ಆಗ ಎರಡೇ ದಿನ. ಭಾಷಣಗಳನ್ನು ಕೇಳಲಾರದೆ ನಾನು ಪುಣೆಯ ಬಸ್ಸಿನ ಹೊತ್ತನ್ನೇ ನೋಡುತ್ತಿದ್ದೆ.

ಈಗ ಈ ಗೊಂದಲ ಮುಗಿಯುತ್ತ ಬಂದಿದೆ. ಜನನ ಮರಣ ನೋಂದಣಿಗೆ 1969ರಲ್ಲಿ ದೇಶಕ್ಕೆಲ್ಲ ಒಂದೇ ಕಾಯಿದೆ ಬಂತು. 2023ರ ತಿದ್ದುಪಡಿಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಮುಂದೆ ಹುಟ್ಟಿದವರಿಗೆ ಶಾಲೆಯ ಪ್ರವೇಶಕ್ಕೂ ನೌಕರಿಗೂ ಜನನಪತ್ರವೇ ವಯಸ್ಸಿನ ಆಧಾರ. ಕಿವಿ ಮುಟ್ಟಿಸುವ ಕಾಲ ಹೋಯಿತು, ಹೋದದ್ದು ಒಳ್ಳೆಯದೇ.

ನನ್ನ ತಾಯಿ ಅಕ್ಷರ ಬಲ್ಲವಳಲ್ಲ. ನಾನು ಹುಟ್ಟಿದ ದಿನವನ್ನು ಕೇಳಿದಾಗಲೆಲ್ಲ ಆಕೆ ಒಂದೇ ಮಾತು ಹೇಳುತ್ತಿದ್ದಳು: “ಎರಡೂ ಶ್ರಾವಣ ನೀ ನನ್ನ ಹೊಟ್ಟ್ಯಾಗಿದ್ದಿ. ಒಂದ್ ತುತ್ತು ಒಳಗ ನಿಲ್ತಿರಲಿಲ್ಲ. ಮುಂದ ಮಾಯವ್ವನ ಜಾತ್ರಿ ಆತು, ಗಾಡಿ ಎಲ್ಲಾ ತಿರುಗಿ ಹ್ವಾದ್ವು, ಆಮ್ಯಾಗ ನೀ ಬಂದಿ.” ಎಂ.ಎ. ಮಾಡಿ, ಕವಿಗಳ ಕಾಲನಿರ್ಣಯವನ್ನು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದ ನಾನು, ತಾಯಿಯ ಈ ಮಾತನ್ನು ಮುದುಕಿಯ ಕಥೆಯೆಂದು ಬದಿಗಿಟ್ಟೆ. ಶಾಸನದ ಒಂದು ಮಾಸಿದ ಸಾಲಿಗೆ ಕೊಟ್ಟ ಗೌರವವನ್ನು ಅದಕ್ಕೆ ಕೊಡಲಿಲ್ಲ. ಆಕೆ 2009ರಲ್ಲಿ ತೀರಿಕೊಂಡಳು.

ಮೊಮ್ಮಗಳು ‘ಖರೇನ’ ಎಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಹಳೆಯ ಪಂಚಾಂಗಗಳ ಒಂದು ಸಂಕಲನವನ್ನು ತೆಗೆದೆ. ಎರಡು ಶ್ರಾವಣ ಎಂದರೆ ಅಧಿಕ ಶ್ರಾವಣವೇ ಆಗಬೇಕು. ಅದು ಬಂದದ್ದು 1947ರಲ್ಲಿ. ಆಗ ತಾಯಿಗೆ ಇನ್ನೂ ಮದುವೆಯಾಗಿರಲಿಲ್ಲ. ಮತ್ತೆ 1966ರಲ್ಲಿ, ಆಗ ನಾನು ಶಾಲೆಯಲ್ಲಿದ್ದೆ. ನಡುವೆ ಒಂದೇ ಒಂದು ಸಲ, 1958ರಲ್ಲಿ. ಆ ವರ್ಷ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಎರಡು ಶ್ರಾವಣಗಳು. ಚಿಂಚಲಿಯ ಮಾಯಕ್ಕದೇವಿಯ ಜಾತ್ರೆ ಸೇರುವುದು ಮಾಘದ ಭಾರತ ಹುಣ್ಣಿಮೆಗೆ. ಕರ್ನಾಟಕ ಮಹಾರಾಷ್ಟ್ರಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬಂದು, ಭಂಡಾರ ಹಾರಿಸಿ, ದಿನಗಟ್ಟಲೆ ಬಯಲಲ್ಲಿ ಬೀಡುಬಿಡುವ ಜಾತ್ರೆ ಅದು. ಎರಡು ಶ್ರಾವಣ ಕಳೆದು ಬಂದ ಮಾಘದ ಹುಣ್ಣಿಮೆ 1959ರ ಫೆಬ್ರವರಿ 23ರಂದು. ಗಾಡಿಗಳೆಲ್ಲ ತಿರುಗಿಹೋಗಲು ಕೆಲವು ದಿನ ಬೇಕು. ಅಂದರೆ ಆ ಫೆಬ್ರವರಿಯ ಕೊನೆಗೆ, ಇಲ್ಲವೆ ಮಾರ್ಚಿನ ಮೊದಲಿಗೆ ನಾನು ಹುಟ್ಟಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಎರಡೂ ಶ್ರಾವಣಗಳು ಬಸಿರಿನ ಮೊದಲ ತಿಂಗಳುಗಳಿಗೇ, ವಾಂತಿಯ ಕಾಲಕ್ಕೇ ಬೀಳುತ್ತವೆ. ತುತ್ತು ಒಳಗೆ ನಿಲ್ಲುತ್ತಿರಲಿಲ್ಲ ಎಂಬ ಮಾತೂ ಸುಳ್ಳಲ್ಲ.

ಕಾಗದದ ಮೇಲೆ ನಾನು ಹುಟ್ಟಿದ ದಿನ, ನಾನು ತಾಯಿಯ ಹೊಟ್ಟೆಗೆ ಬಂದೇ ಹೆಚ್ಚೆಂದರೆ ಕೆಲವು ದಿನಗಳಾಗಿದ್ದವು. ಒಂಬತ್ತು ತಿಂಗಳು ಮೊದಲೇ ಹುಟ್ಟಿ, ಒಂಬತ್ತು ತಿಂಗಳು ಮೊದಲೇ ನಿವೃತ್ತನಾದೆ. ಅದಕ್ಕಾಗಿ ವ್ಯಸನವಿಲ್ಲ. ವ್ಯಸನವಿರುವುದು ಬೇರೆಯದಕ್ಕೆ. ತಾಯಿ ಹೇಳಿದ್ದು ಕಥೆಯಲ್ಲ, ಲೆಕ್ಕ. ಪರಿಶೀಲಿಸಿದರೆ ತಾಳೆಯಾಗುವ ಲೆಕ್ಕ. ಆಕೆ ಬದುಕಿದ್ದಾಗ ಹದಿನೈದು ನಿಮಿಷ ಕುಳಿತು ಪಂಚಾಂಗ ತಿರುವಿದ್ದರೆ “ಅವ್ವಾ, ನೀ ಹೇಳಿದ್ದು ಖರೆ” ಎಂದು ಅನ್ನಬಹುದಾಗಿತ್ತು.

ಕಾರಹುಣ್ಣಿಮೆ ಜೂನ್ ಎರಡನೆಯ ವಾರದಲ್ಲಿ ಬಂತು. ಇಚಲಕರಂಜಿ, ಸಾಂಗ್ಲಿಯ ಕಡೆಯವರು ಅದನ್ನೇ ‘ಕರ್ನಾಟಕಿ ಬೇಂದೂರ’ ಎನ್ನುತ್ತಾರೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯಲು ಓಡಿಸುವ ಹಬ್ಬ. ಇದು ನಿನ್ನ ಎರಡನೆಯ ವಾಢದಿವಸ ಎಂದಾಗ ಮಗುವಿಗೆ ಹಿಗ್ಗು. ಊರಿನ ಎತ್ತುಗಳೆಲ್ಲ ತನಗಾಗಿಯೇ ಸಿಂಗರಿಸಿಕೊಂಡಿವೆ ಎಂದು ನಂಬಿತು, ನಾನು ತಿದ್ದಲಿಲ್ಲ. ರಾತ್ರಿ ಹೋಳಿಗೆ ಉಂಡು ಕಟ್ಟೆಯ ಮೇಲೆ ಕುಳಿತಾಗ ಎರಡು ಶ್ರಾವಣಗಳ ಸಂಗತಿಯನ್ನೂ ಗಾಡಿಗಳ ಸಂಗತಿಯನ್ನೂ ಹೇಳಿದೆ.

“ನಮ್ಮವ್ವಗ ಓದಾಕ ಬರ್ತಿರಲಿಲ್ಲ, ಯವ್ವಾ. ಕ್ಯಾಲೆಂಡರ ಇರಲಿಲ್ಲ. ಆದ್ರೂ ಬರೋಬ್ಬರಿ ನೆನಪಿಟ್ಟಿದ್ದಳು ನೋಡ,” ಎಂದೆ.

ಮಗು ನನ್ನನ್ನು ಅಚ್ಚರಿಯಿಂದ ನೋಡಿತು. “ಆಕಿಗೆ ಗೊತ್ತಿರದ ಏನ, ಅಜ್ಜಾ? ಆಕಿ ಅಲ್ಲೇ ಇದ್ಲಲ್ಲ!”

ಇದಕ್ಕಿಂತ ಗಟ್ಟಿಯಾದ ಪ್ರಮಾಣವನ್ನು ನನ್ನ ಅಧ್ಯಾಪಕ ಜೀವನದಲ್ಲಿ ನಾನು ಕೇಳಿರಲಿಲ್ಲ. ಜೂನ್ 1ರಂದು ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ ಶುಭಾಶಯ ಹೇಳುತ್ತಾರೆ. ಈಗಲೂ ಸ್ವೀಕರಿಸುತ್ತೇನೆ, ಅದು ಮಾಸ್ತರರು ಕೊಟ್ಟ ಹುಟ್ಟು. ಆದರೆ ನನ್ನ ವಾಢದಿವಸ ಯಾವಾಗ ಎಂದು ಮಗು ಕೇಳಿದ್ದಕ್ಕೆ ಇನ್ನು ಮೇಲೆ ನನ್ನ ಉತ್ತರ ಬೇರೆ: ಮಾಯವ್ವನ ಜಾತ್ರೆ ಮುಗಿದು, ಕಡೆಯ ಗಾಡಿ ಊರು ದಾಟಿದ ಮೇಲೆ.