ಮಲಗುವಾಗ ಹೆಡ್‌ಫೋನ್ ಬೇಕೇ? ಮೊದಲು ಯಾವ ಮಗ್ಗುಲಿಗೆ ಮಲಗ್ತೀರಿ ನೋಡಿ

ರಾತ್ರಿ ಹತ್ತರ ಮೇಲೆ ಅಂಗಡಿ ಶಟರ್ ಎಳೆದು ಮನೆಗೆ ಬಂದವರಿಗೆ ಕೂಡಲೇ ನಿದ್ದೆ ಹತ್ತುವುದಿಲ್ಲ. ಹೆದ್ದಾರಿ ಪಕ್ಕದ ಮನೆಯಾದರೆ ಲಾರಿ ಸದ್ದು, ಒಳಬೀದಿಯಾದರೆ ನಾಯಿಗಳ ಕಾಟ. ಹಳೇ ಹಾಡೋ ಪ್ರವಚನವೋ ಕಿವಿಗೆ ಹಾಕ್ಕೊಂಡು ಮಲಗುವ ಅಭ್ಯಾಸ ಶುರುವಾಗುವುದೇ ಹೀಗೆ. ಆದರೆ ಹಗಲಿನ ಹೆಡ್‌ಫೋನ್ ರಾತ್ರಿಗೂ ಹೊಂದಬೇಕೆಂದಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಕಂಪನಿಯಲ್ಲ, ಬೇಸ್ ಕೂಡ ಅಲ್ಲ, ಮಲಗುವ ರೀತಿ. ಅಂಗಾತ ಮಲಗುವವರಿಗೆ ಸಣ್ಣ ಇಯರ್‌ಬಡ್ ನಡೆಯುತ್ತೆ. ಮಗ್ಗುಲಾಗಿ ಮಲಗಿದರೆ ತಲೆಯ ಭಾರಕ್ಕೆ ದಿಂಬು ಬಡ್ಡನ್ನು ಕಿವಿಯೊಳಕ್ಕೆ ಒತ್ತುತ್ತೆ. ನೋವು ಬರೋದು ಅದರಿಂದಲೇ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಒರೆಸಿ ಹಾಕ್ಕೊಂಡು, ಅಂಗೈಯಿಂದ ಕಿವಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಚುಚ್ಚಿದರೆ ಬೇಡ.

ಮಗ್ಗುಲಾಗಿ ಮಲಗುವವರಿಗೆ ಬಟ್ಟೆಯ ಹೆಡ್‌ಬ್ಯಾಂಡ್ ವಾಸಿ. ಚಳಿಗಾಲದಲ್ಲಿ ಕಿವಿಗೆ ಕಟ್ಟುವ ಪಟ್ಟಿಯಂತಿದ್ದು, ಒಳಗೆ ತೆಳು ಬಿಲ್ಲೆಯಂಥ ಸ್ಪೀಕರ್ ಇರುತ್ತೆ. ಕಿವಿ ತೂತಿನೊಳಗೆ ಏನೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಬೆವರುತ್ತೆ, ನಿಜ. ಸ್ಪೀಕರ್ ತೆಗೆದು ಬಟ್ಟೆ ಒಗೆಯಲು ಬರುವಂಥದ್ದನ್ನೇ ಕೇಳಿ. ಎಲ್ಲರ ಕೊರಳಲ್ಲೂ ಕಾಣುವ ನೆಕ್‌ಬ್ಯಾಂಡ್ ಮಾತ್ರ ಹಾಸಿಗೆಗಲ್ಲ. ಹೊರಳಿದಾಗ ಒತ್ತುತ್ತೆ, ವೈರು ಕತ್ತಿಗೆ ಸಿಕ್ಕಿಕೊಳ್ಳುತ್ತೆ.

ನಾಯ್ಸ್ ಕ್ಯಾನ್ಸಲಿಂಗ್‌ಗೆ ಹೆಚ್ಚು ದುಡ್ಡು ಹಾಕುವ ಮುಂಚೆ ಒಂದು ಮಾತು. ಲಾರಿ ಎಂಜಿನ್‌ನಂಥ ಒಂದೇ ಸಮ ಗುಂಯ್‌ಗುಡುವ ಸದ್ದನ್ನು ಅದು ಚೆನ್ನಾಗಿ ತಗ್ಗಿಸುತ್ತೆ. ನಾಯಿ ಬೊಗಳಿದ್ದು, ಹಾರ್ನ್ ಹೊಡೆದದ್ದು ಅಷ್ಟಾಗಿ ಅಡಗುವುದಿಲ್ಲ. ಇನ್ನು ಕೆಲವು ಬಡ್‌ಗಳು ನಡುರಾತ್ರಿ ‘ಬ್ಯಾಟರಿ ಲೋ’ ಅಂತ ಕೂಗಿ, ಬಂದ ನಿದ್ದೆಯನ್ನೂ ಓಡಿಸುತ್ತವೆ!

ವಾಲ್ಯೂಮ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್‌ನಲ್ಲಿ ಅಷ್ಟೇ. ರಾತ್ರಿಯಿಡೀ ಕಿವಿಯಲ್ಲಿ ಹಾಡುತ್ತಿದ್ದರೆ ಗಂಟೆಗಳು ಬೇಗ ತುಂಬುತ್ತವೆ. ಹಾಗಾಗಿ ಪಿಸುಮಾತಿನಷ್ಟು ಸದ್ದಿಟ್ಟು ಟೈಮರ್ ಹಾಕಿ. ಸ್ಪಾಟಿಫೈನಲ್ಲಿ ಸ್ಲೀಪ್ ಟೈಮರ್ ಇದೆ. ಐಫೋನ್‌ನಲ್ಲಿ ಗಡಿಯಾರದ ಟೈಮರಿಗೆ ‘ಸ್ಟಾಪ್ ಪ್ಲೇಯಿಂಗ್’ ಕೊಟ್ಟರೆ ಆಯ್ತು.

ಚಾರ್ಜಿಗೆ ಹಾಕಿದ ಫೋನಿಗೆ ವೈರ್ ಇಯರ್‌ಫೋನ್ ಸಿಕ್ಕಿಸಿ ಮಲಗಲೇಬೇಡಿ. ಚಾರ್ಜರ್ ಕಳಪೆಯಾಗಿ ಕೆಟ್ಟರೆ ಕರೆಂಟು ಕಿವಿವರೆಗೂ ಬರಬಹುದು, ಜೀವಕ್ಕೇ ಅಪಾಯ. ಚಾರ್ಜರ್ ಮಾರುವವರೂ ಕೊಳ್ಳುವವರೂ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿಕೊಳ್ಳಬೇಕು. ಫೋನು ದಿಂಬಿನಡಿಯೂ ಬೇಡ, ಬಿಸಿಯಾಗುತ್ತೆ.

ಮನೆಯಲ್ಲಿ ಹಸುಗೂಸು, ಹಾಸಿಗೆ ಹಿಡಿದ ಹಿರಿಯರು ಇದ್ದರೆ ಒಂದು ಕಿವಿ ಖಾಲಿ ಬಿಡಿ. ಒಬ್ಬರೇ ಮಲಗುವ ಕೋಣೆಯಾದರೆ ಇದ್ಯಾವುದೂ ಬೇಡ, ಮೇಜಿನ ಮೇಲೆ ಸಣ್ಣ ಸ್ಪೀಕರ್ ಸಾಕು.

ಬಡ್ ಬಳಸುವವರು ಸಿಲಿಕಾನ್ ಟಿಪ್ ಆಗಾಗ ತೊಳೆದು ಒಣಗಿಸಬೇಕು. ದಿನವೂ ತುರುಕಿದರೆ ಗುಗ್ಗೆ ಒಳಕ್ಕೆ ಸರಿಯುತ್ತೆ, ತೇವ ನಿಂತು ಸೋಂಕಾಗಬಹುದು. ಕಿವಿ ಸೋರುತ್ತಿದ್ದರೆ ಬಡ್ ಬಿಟ್ಟು, ಎಣ್ಣೆ ಬಿಡದೆ, ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.